ಹೇಳಿದ ದಿನಕ್ಕೆ ಬಟ್ಟೆ: ಟೈಲರ್ ಅಂಗಡಿಗೆ ವೆಬ್ ವ್ಯವಸ್ಥೆ ಎಷ್ಟು ಬೇಕು, ಎಂಥದ್ದು ಬೇಕು

ನಮ್ಮ ಊರುಗಳ ಟೈಲರ್ ಅಂಗಡಿಯ ಆಡಳಿತವೆಲ್ಲ ಎರಡು ಪುಸ್ತಕಗಳಲ್ಲಿ ನಡೆಯುತ್ತದೆ. ಒಂದು ಅಳತೆ ಪುಸ್ತಕ. ಗ್ರಾಹಕರ ಹೆಸರು, ಅದರ ಕೆಳಗೆ ಉದ್ದ, ಭುಜ, ಎದೆ, ಸೊಂಟ, ತೋಳು, ಮುಂಗತ್ತು, ಹಿಂಗತ್ತು ಎಂದು ಸಾಲಾಗಿ ಅಂಕಿಗಳು, ಪಕ್ಕದಲ್ಲಿ ಕತ್ತಿನ ಆಕಾರದ ಪುಟ್ಟ ಗೀಚುಚಿತ್ರ. ಇನ್ನೊಂದು ಬಿಲ್ ಪುಸ್ತಕ. ಕೊಡುವ ದಿನ, ಮುಂಗಡ, ಬಾಕಿ ಬರೆದು ಅರ್ಧ ಚೀಟಿಯನ್ನು ಗ್ರಾಹಕರ ಕೈಗೆ ಕೊಡುತ್ತಾರೆ. ಅಂಗಡಿಯಲ್ಲಿ ಉಳಿಯುವ ಅರ್ಧಕ್ಕೆ ಬಟ್ಟೆಯ ಅಂಚಿನಿಂದ ಕತ್ತರಿಸಿದ ಒಂದು ಚೂರನ್ನು ಸ್ಟೇಪಲ್ ಮಾಡುತ್ತಾರೆ. ಇದು ಜಾಣತನದ ಏರ್ಪಾಡು. ಕರೆಂಟು ಬೇಡ, ನೆಟ್‌ವರ್ಕ್ ಬೇಡ. ಕಪಾಟಿನಲ್ಲಿ ಒಟ್ಟಿದ ಐವತ್ತು ಬ್ಲೌಸ್ ಪೀಸುಗಳ ನಡುವೆ ಯಾರದ್ದು ಯಾವುದು ಎಂಬುದನ್ನು ಆ ಬಣ್ಣದ ಚೂರು ಯಾವ ಕಂಪ್ಯೂಟರ್‌ಗಿಂತಲೂ ಬೇಗ ಹೇಳುತ್ತದೆ.

ಇಷ್ಟು ಚೆನ್ನಾಗಿರುವ ಏರ್ಪಾಡು ಎಲ್ಲಿ ಮುರಿಯುತ್ತದೆ? ಶ್ರಾವಣ ಬಂದಾಗ ಮುರಿಯುತ್ತದೆ. ಶಾಲೆ ತೆರೆಯುವ ಜೂನ್‌ನಲ್ಲಿ, ದಸರಾ-ದೀಪಾವಳಿಯ ನಡುವೆ, ರಂಜಾನಿನ ಕೊನೆಯ ವಾರದಲ್ಲಿ, ಮದುವೆಯ ತಿಂಗಳುಗಳಲ್ಲಿ ಮುರಿಯುತ್ತದೆ. ಬಿಲ್ ಪುಸ್ತಕದ ಪ್ರತಿ ಹಾಳೆಯೂ ತನ್ನ ಪಾಡಿಗೆ ಸರಿಯಾಗಿಯೇ ಇರುತ್ತದೆ. ಆದರೆ 'ಈ ಗುರುವಾರ ಕೊಡುತ್ತೇನೆ ಎಂದು ಒಟ್ಟು ಎಷ್ಟು ಪೀಸಿಗೆ ಮಾತು ಕೊಟ್ಟಿದ್ದೇನೆ' ಎಂಬ ಒಂದೇ ಒಂದು ಪ್ರಶ್ನೆಗೆ ಆ ಪುಸ್ತಕದಲ್ಲಿ ಉತ್ತರವಿಲ್ಲ. ಉತ್ತರ ಬೇಕಾದರೆ ಹಾಳೆಗಳನ್ನೆಲ್ಲ ತಿರುವಿ ಎಣಿಸಬೇಕು. ಗ್ರಾಹಕರು ಎದುರು ನಿಂತಿರುವಾಗ ಹಾಗೆ ಎಣಿಸುವವರು ಯಾರು? 'ಆಯ್ತಮ್ಮ, ಗುರುವಾರ ಬನ್ನಿ' ಎಂದುಬಿಡುತ್ತಾರೆ. ಟೈಲರ್ ಹೇಳಿದ ದಿನಕ್ಕೆ ಕೊಡುವುದಿಲ್ಲ ಎಂಬ ಹಳೆಯ ದೂರಿನ ಬೇರು ಇಲ್ಲಿದೆ. ಅದು ಸೋಮಾರಿತನದಿಂದ ಹುಟ್ಟಿದ್ದಲ್ಲ, ಸುಳ್ಳಿನಿಂದಂತೂ ಅಲ್ಲ. ಕೊಟ್ಟ ಮಾತುಗಳ ಮೊತ್ತ ಕಣ್ಣಿಗೆ ಕಾಣದೇ ಇರುವುದರಿಂದ ಹುಟ್ಟಿದ್ದು.

ಹೊಲಿಗೆ ಅಂಗಡಿಗಳ ಕಂಪ್ಯೂಟರೀಕರಣದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಅಳತೆಯಿಂದ ಶುರು ಮಾಡುತ್ತಾರೆ, ಇಲ್ಲವೇ ಬಿಲ್ಲಿನಿಂದ. ನನ್ನ ತಿಳಿವಳಿಕೆಯಲ್ಲಿ ಇವೆರಡೂ ಎರಡನೆಯ ಸಾಲಿನ ವಿಷಯಗಳು. ಇಬ್ಬರು-ಮೂವರು ಕೂತು ಹೊಲಿಯುವ ಅಂಗಡಿಗೆ ವೆಬ್ ವ್ಯವಸ್ಥೆ ಮಾಡಿಕೊಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ದಿನಗಳ ಲೆಕ್ಕ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಟಿಂಗ್ ಮಾಡುವ ಮಾಸ್ಟರ್ ಒಬ್ಬರು, ಹೊಲಿಯುವವರು ಇಬ್ಬರು, ಹೆಮ್ಮಿಂಗ್ ಮತ್ತು ಹುಕ್ಸ್ ಕೆಲಸವನ್ನು ಮನೆಗೆ ಒಯ್ದು ಮಾಡುವ ಹೆಂಗಸೊಬ್ಬರು. ಲೈನಿಂಗ್ ಬ್ಲೌಸ್ ಆದರೆ ದಿನಕ್ಕೆ ಎಂಟು ಇವರ ಕೈಯಲ್ಲಿ ಇಳಿಯುತ್ತವೆ ಎನ್ನೋಣ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಕೆಲಸದ ದಿನಗಳು ಹತ್ತು ಉಳಿದಿವೆ. ಅಂದರೆ ಎಂಬತ್ತು ಬ್ಲೌಸ್. ಎಂಬತ್ತೊಂದನೆಯವರಿಗೆ 'ಹಬ್ಬಕ್ಕೆ ಆಗುವುದಿಲ್ಲ, ಗೌರಿಗೆ ಕೊಡುತ್ತೇನೆ' ಎಂದು ಹೇಳಬೇಕು. ಪುಸ್ತಕ ಇಟ್ಟುಕೊಂಡವರು ನೂರಿಪ್ಪತ್ತು ಒಪ್ಪಿಕೊಂಡಿರುತ್ತಾರೆ. ಆಮೇಲೆ ಕೊನೆಯ ಮೂರು ರಾತ್ರಿ ನಿದ್ದೆಗೆಟ್ಟು ಹೊಲಿದು, ಅವಸರದಲ್ಲಿ ಒಂದೆರಡು ತೋಳು ಬಿಗಿಯಾಗಿ, ನಲವತ್ತು ಜನರ ಎದುರು ತಲೆ ತಗ್ಗಿಸಿ ನಿಲ್ಲುತ್ತಾರೆ. ದಿನವೊಂದಕ್ಕೆ ಎಂಟು ಎಂಬ ಮಿತಿಯನ್ನು ತುಂಬಿಸಿಟ್ಟರೆ, ಆರ್ಡರ್ ಬರೆಯುವಾಗಲೇ 'ಗುರುವಾರ ತುಂಬಿದೆ, ಶುಕ್ರವಾರ ಮೂರು ಖಾಲಿ ಇದೆ' ಎಂದು ತೋರಿಸುವ ಒಂದು ಪರದೆ ಈ ಕಷ್ಟವನ್ನೆಲ್ಲ ತಪ್ಪಿಸುತ್ತದೆ. ಇಷ್ಟನ್ನೇ ಮಾಡಿ ಬೇರೇನೂ ಮಾಡದ ವ್ಯವಸ್ಥೆ ಸಿಕ್ಕರೂ ಸಾಕು, ತೆಗೆದುಕೊಳ್ಳಬಹುದು. ಇಪ್ಪತ್ತು ಸೌಲಭ್ಯಗಳಿದ್ದು ಇದೊಂದು ಇಲ್ಲದಿದ್ದರೆ ಬೇಡ.

ಇದರಲ್ಲಿ ಕಾನೂನಿನ ಮಾತೂ ಇದೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೊಲಿಗೆಯೂ ಒಂದು ಸೇವೆ. ಮದುವೆಗೆಂದು ಕೊಟ್ಟ ಬಟ್ಟೆ ಮದುವೆ ಮುಗಿದ ಮೇಲೆ ಬಂದರೆ ಗ್ರಾಹಕರು ಜಿಲ್ಲಾ ಆಯೋಗಕ್ಕೆ ಹೋಗಬಹುದು. ಆಗ ಟೈಲರ್ ಬಳಿ ಯಾವ ದಿನ ಏನು ಒಪ್ಪಿಕೊಂಡೆ, ಗ್ರಾಹಕರು ಯಾವ ದಿನ ವಿನ್ಯಾಸ ಬದಲಿಸಿದರು ಎಂಬ ದಾಖಲೆ ಇದ್ದರೆ ಮಾತಿಗೆ ತೂಕ ಬರುತ್ತದೆ.

ಇನ್ನು ಅಳತೆ. ಹೊರಗಿನವರಿಗೆ ಇದು ಸುಲಭವಾಗಿ ಕಾಣುತ್ತದೆ: ಹೆಸರು, ಹತ್ತು ಖಾನೆ, ಹತ್ತು ಅಂಕಿ. ಒಳಗೆ ಕೂತವರಿಗೆ ಗೊತ್ತು, ಬಹಳಷ್ಟು ತಂತ್ರಾಂಶಗಳು ಎಡವುವುದು ಇಲ್ಲೇ. ಮೊದಲನೆಯದು, ಅಳತೆಯೆಂದರೆ ಮೈ ಅಳತೆಯೋ ಬಟ್ಟೆ ಅಳತೆಯೋ ಎಂಬ ಪ್ರಶ್ನೆ. ಟೇಪು ಹಿಡಿದು ಮೈಮೇಲೆ ತೆಗೆದ 36ಕ್ಕೂ, ಗ್ರಾಹಕರು ತಂದುಕೊಟ್ಟ ಅಳತೆ ಬ್ಲೌಸನ್ನು ಹಾಸಿ ತೆಗೆದ 36ಕ್ಕೂ ವ್ಯತ್ಯಾಸ ದೊಡ್ಡದು. ಎರಡನೆಯದರಲ್ಲಿ ಲೂಸು ಆಗಲೇ ಸೇರಿಕೊಂಡಿರುತ್ತದೆ. ಅಂಕಿಯ ಪಕ್ಕ ಇದು ಯಾವುದೆಂದು ಬರೆಯುವ ಜಾಗ ಇಲ್ಲದಿದ್ದರೆ, ಮಾಸ್ಟರ್ ಬದಲಾದ ದಿನ ಆ ದಾಖಲೆಯಿಂದ ಉಪಯೋಗಕ್ಕಿಂತ ಅಪಾಯವೇ ಹೆಚ್ಚು. ಎರಡನೆಯದು, ಕಾಲು ಇಂಚು. ನಮ್ಮ ಟೈಲರ್‌ಗಳ ಲೋಕ ಹದಿನಾಲ್ಕೂಕಾಲು, ಹದಿನಾಲ್ಕೂವರೆ, ಹದಿನಾಲ್ಕೂಮುಕ್ಕಾಲು ಎಂಬ ಲೆಕ್ಕದಲ್ಲಿ ನಡೆಯುತ್ತದೆ. ಪೂರ್ಣಾಂಕವನ್ನು ಮಾತ್ರ ಒಪ್ಪುವ ಖಾನೆಯಿಂದ ಇವರಿಗೆ ಪ್ರಯೋಜನವಿಲ್ಲ. ಸೆಂಟಿಮೀಟರಿನಲ್ಲೇ ಬರೆಯಿರಿ ಎನ್ನುವುದು ಅದಕ್ಕಿಂತ ಕೆಟ್ಟದ್ದು. ಅಂಕಿ ಒತ್ತಿದ ಮೇಲೆ ಕಾಲು, ಅರೆ, ಮುಕ್ಕಾಲು ಎಂಬ ಮೂರು ಗುಂಡಿಗಳಿದ್ದರೆ ಸಾಕು; ಟೈಪು ಮಾಡಲು ಬಾರದ ಕೈಯೂ ಅರ್ಧ ನಿಮಿಷದಲ್ಲಿ ಒಂದು ಬ್ಲೌಸಿನ ಅಳತೆ ತುಂಬುತ್ತದೆ.

ಮೂರನೆಯದು ಬಹಳ ಮುಖ್ಯ: ಹಳೆಯ ಅಳತೆಯನ್ನು ಅಳಿಸಿ ಹೊಸದನ್ನು ಬರೆಯಬಾರದು. ಹೆರಿಗೆಯಾದ ಮೇಲೆ, ಕಾಯಿಲೆಯಾದ ಮೇಲೆ ಅಳತೆ ಬದಲಾಗುತ್ತದೆ, ಮತ್ತೆ ಹಳೆಯದಕ್ಕೆ ಬರುವುದೂ ಉಂಟು. ಬೆಳೆಯುವ ಹುಡುಗನ ಯೂನಿಫಾರ್ಮ್ ಪ್ಯಾಂಟು ವರ್ಷಕ್ಕೆ ಎಷ್ಟು ಉದ್ದವಾಗುತ್ತಿದೆ ಎಂಬುದು ಗೊತ್ತಿದ್ದರೆ ಕೆಳಗೆ ಎಷ್ಟು ಬಟ್ಟೆ ಮಡಚಿ ಬಿಡಬೇಕೆಂದು ಮಾಸ್ಟರ್‌ಗೆ ತಿಳಿಯುತ್ತದೆ. ಪ್ರತಿ ಅಳತೆಗೂ ಒಂದು ತಾರೀಖು, ಪ್ರತಿ ಉಡುಪಿಗೂ ಬೇರೆ ಅಳತೆ. ಅದೇ ಹೆಂಗಸಿನ ಸಾದಾ ಬ್ಲೌಸಿಗೂ ಪ್ರಿನ್ಸೆಸ್ ಕಟ್ಟಿಗೂ ಕಟೋರಿಗೂ ಒಂದೇ ಪಟ್ಟಿ ಸಾಲುವುದಿಲ್ಲ. ಉಡುಪುಗಳ ಪಟ್ಟಿಯನ್ನು ಅಂಗಡಿಯವರೇ ಬರೆದುಕೊಳ್ಳುವಂತೆಯೂ ಇರಬೇಕು. ಬಾಗಲಕೋಟೆಯ ಕಡೆ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಯುವವರ ಪಟ್ಟಿಯೇ ಬೇರೆ, ಬೆಂಗಳೂರಿನಲ್ಲಿ ಲೆಹೆಂಗಾ ಹೊಲಿಯುವವರ ಪಟ್ಟಿಯೇ ಬೇರೆ.

ಇನ್ನೊಂದು ಸಂಗತಿಯನ್ನು ತಂತ್ರಾಂಶ ಬರೆಯುವವರು ನೆನಪಿಡಬೇಕು. ಅವರು ಗ್ರಾಹಕರನ್ನು ಗುರುತಿಸಲು ಮೊಬೈಲ್ ನಂಬರನ್ನೇ ಕೀಲಿಯಾಗಿ ಇಟ್ಟುಬಿಡುತ್ತಾರೆ, ಒಂದು ನಂಬರ್ ಒಬ್ಬರೇ ಗ್ರಾಹಕರು. ನಮ್ಮ ಮನೆಗಳಲ್ಲಿ ಅತ್ತೆ, ಸೊಸೆ, ಮಗಳು ಮೂವರ ಬಟ್ಟೆಗೂ ಒಂದೇ ನಂಬರ್ ಕೊಡುವುದು ಸಾಮಾನ್ಯ. ಎಷ್ಟೋ ಸಲ ಅದು ಮನೆಯ ಗಂಡಸಿನ ನಂಬರ್. ಇತ್ತ ಹೆಸರಿನಿಂದ ಹುಡುಕೋಣವೆಂದರೆ ಒಂದೇ ಬೀದಿಯಲ್ಲಿ ನಾಲ್ವರು ಲಕ್ಷ್ಮಿಯರು, ಒಬ್ಬರು ಶೋಭಾ, ಇನ್ನೊಬ್ಬರು ಶೋಭ. ಮನೆಗೆ ಒಂದು ದಾಖಲೆ, ಅದರೊಳಗೆ ಒಬ್ಬೊಬ್ಬರಿಗೆ ಒಂದೊಂದು ದಾಖಲೆ, ಹುಡುಕಲು ನಂಬರಿನ ಕೊನೆಯ ನಾಲ್ಕು ಅಂಕಿ: ಹೀಗಿದ್ದರೆ ಮಾತ್ರ ಅಂಗಡಿಯಲ್ಲಿ ನಡೆಯುತ್ತದೆ. ಆರ್ಡರೂ ಅಷ್ಟೇ. ಒಂದು ಚೀಟಿಯಲ್ಲಿ ಮೂರು ಬ್ಲೌಸ್, ಒಂದು ಸೀರೆಗೆ ಫಾಲ್ ಮತ್ತು ಪಿಕೋ, ಇನ್ನೊಂದಕ್ಕೆ ಕುಚ್ಚು ಇರುತ್ತದೆ. ಎಲ್ಲಕ್ಕೂ ಒಂದೇ ದಿನಾಂಕ, ಒಂದೇ ಸ್ಥಿತಿ ಎಂದರೆ ಆಗದು. ಒಂದು ಬ್ಲೌಸ್ ನಾಳಿನ ಗೃಹಪ್ರವೇಶಕ್ಕೆ ಬೇಕು, ಉಳಿದೆರಡು ನಿಧಾನವಾಗಲಿ ಎನ್ನುತ್ತಾರೆ. ಆದ್ದರಿಂದ ಪೀಸು ಪೀಸಿಗೂ ದಿನ, ಪೀಸು ಪೀಸಿಗೂ ಸ್ಥಿತಿ: ಕಟಿಂಗ್ ಆಗಿದೆ, ಹೊಲಿಗೆಯಲ್ಲಿದೆ, ಹೆಮ್ಮಿಂಗಿಗೆ ಹೋಗಿದೆ, ಸಿದ್ಧ, ಕೊಟ್ಟಾಯಿತು.

ಬಟ್ಟೆಗೂ ದಾಖಲೆಗೂ ಗಂಟು ಹಾಕುವುದು ಹೇಗೆ? ಮಾರುವವರು ಕ್ಯೂಆರ್ ಸ್ಟಿಕ್ಕರ್ ತೋರಿಸುತ್ತಾರೆ. ಸ್ಟಿಕ್ಕರ್ ಇಸ್ತ್ರಿಯ ಕಾವಿಗೆ ಏಳುತ್ತದೆ, ರೇಷ್ಮೆಯ ಮೇಲೆ ಅಂಟಿನ ಕಲೆ ಉಳಿಸುವ ಭಯವೂ ಇದೆ. ಬಕ್ರಂ ತುಂಡಿನ ಮೇಲೆ ನಂಬರ್ ಬರೆದು ಪಿನ್ನು ಚುಚ್ಚಿದರೆ ಕೆಲಸ ಮುಗಿಯಿತು. ಹಳೆಯ ಬಿಲ್ ಪುಸ್ತಕದ ಬಟ್ಟೆ ಚೂರಿನ ಜಾಗಕ್ಕೆ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಸಾಕು. ಗ್ರಾಹಕರು ತಮ್ಮ ಫೋನಿನಲ್ಲಿ ತೋರಿಸಿದ ಕತ್ತಿನ ಡಿಸೈನನ್ನೂ ಅದರ ಜೊತೆಗೇ ಇಟ್ಟುಕೊಳ್ಳಬೇಕು. 'ನಾನು ಹೇಳಿದ್ದು ಬೋಟ್ ನೆಕ್, ನೀವು ಹೊಲಿದದ್ದು ಬೇರೆ' ಎಂಬ ಜಗಳಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಈ ವ್ಯವಸ್ಥೆಗಳ ವಿಷಯದಲ್ಲಿ ನನಗೆ ಅತ್ಯಂತ ಕಾಳಜಿ ಇರುವ ಭಾಗ ಕೂಲಿ. ಹೊಲಿಗೆ ಅಂಗಡಿಗಳಲ್ಲಿ ಬಹುಪಾಲು ದುಡಿಮೆ ಪೀಸ್ ರೇಟಿನ ಮೇಲೆ ನಡೆಯುತ್ತದೆ. ಬ್ಲೌಸಿಗೆ ಇಷ್ಟು, ಕಾಜಾಗೆ ಇಷ್ಟು, ಹೆಮ್ಮಿಂಗಿಗೆ ಇಷ್ಟು. ಶನಿವಾರ ಸಂಜೆ ಲೆಕ್ಕ ಆಗುವಾಗ ಒಂದು ಕಡೆ ಅಂಗಡಿಯವರ ನೆನಪು, ಇನ್ನೊಂದು ಕಡೆ ಹೊಲಿದವರ ನೆನಪು. ಎರಡೂ ಹೊಂದದಿದ್ದಾಗ ಸೋಲುವುದು ಯಾವಾಗಲೂ ಹೊಲಿದವರೇ, ಅದರಲ್ಲೂ ಮನೆಯಲ್ಲಿ ಕೂತು ಹೆಮ್ಮಿಂಗ್ ಮಾಡಿಕೊಡುವ ಹೆಂಗಸರು. ಪೀಸಿನ ಸ್ಥಿತಿ ಬದಲಿಸುವಾಗ ಯಾರು ಮಾಡಿದರು ಎಂಬ ಹೆಸರನ್ನೂ ಒತ್ತುವಂತಿದ್ದರೆ ವಾರದ ಕೂಲಿ ತಾನಾಗಿ ಕೂಡಿ ಬರುತ್ತದೆ. ಆದರೆ ಆ ಪಟ್ಟಿ ಮಾಲೀಕರ ಫೋನಿನಲ್ಲಷ್ಟೇ ಇದ್ದರೆ ಅದು ಬರೀ ಉಸ್ತುವಾರಿಯ ಸಲಕರಣೆಯಾಗುತ್ತದೆ. ಕೆಲಸದವರೂ ತಮ್ಮ ಫೋನಿನಲ್ಲಿ ತಮ್ಮ ಲೆಕ್ಕವನ್ನು ತೆರೆದು ನೋಡುವಂತಿರಬೇಕು. ಬ್ರೌಸರಿನಲ್ಲಿ ತೆರೆಯುವ ವ್ಯವಸ್ಥೆಗೆ ಇದು ಕಷ್ಟದ ಮಾತಲ್ಲ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್, ಅಷ್ಟೇ. ಹೀಗೆ ಕೊಡುವುದಿಲ್ಲ ಎನ್ನುವ ತಂತ್ರಾಂಶವನ್ನು ನಾನು ಯಾವ ಅಂಗಡಿಗೂ ಶಿಫಾರಸು ಮಾಡಲಾರೆ.

ಹಣದ ಕಡೆ ತಂತ್ರಜ್ಞಾನ ಈಗಾಗಲೇ ಬಹಳ ದೂರ ಬಂದಿದೆ. 2016ರಲ್ಲಿ ಯುಪಿಐ ಬಂತು, ಈಗ ಹೊಲಿಗೆ ಯಂತ್ರದ ಪಕ್ಕದಲ್ಲೇ ಕ್ಯೂಆರ್ ಫಲಕ ನಿಂತಿದೆ. ಬೆಂಗಳೂರಿನದೇ ಆದ ಟ್ಯಾಲಿ, ಖಾತಾಬುಕ್, ವ್ಯಾಪಾರ್ ಇವೆಲ್ಲ ಲೆಕ್ಕ, ಉದ್ರಿ, ಬಿಲ್ಲು ನೋಡಿಕೊಳ್ಳುತ್ತವೆ. ಅವು ದಿನಸಿ ಅಂಗಡಿಯ ಮನಸ್ಸಿನಿಂದ ಹುಟ್ಟಿದವು. ಸರಕು ಕೊಟ್ಟಾಯಿತು, ಹಣ ಬರಬೇಕು. ಹೊಲಿಗೆಯಲ್ಲಿ ಕ್ರಮ ತಿರುಗುಮುರುಗು: ಮುಂಗಡ ಮೊದಲು, ಕೆಲಸ ಆಮೇಲೆ, ಬಾಕಿ ಕೊನೆಗೆ. ಜೊತೆಗೆ ಹೊಲಿದಿಟ್ಟ ಬಟ್ಟೆಯನ್ನು ಗ್ರಾಹಕರು ಒಯ್ಯದೇ ಇರುವ ಕಷ್ಟ ಬೇರೆ. ಪ್ರತಿ ಅಂಗಡಿಯ ಮೇಲಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಗಂಟುಗಳಿರುತ್ತವೆ. ಅಷ್ಟೂ ಕೂಲಿ ಕೊಟ್ಟಾಗಿದೆ, ಲೈನಿಂಗ್ ಬಟ್ಟೆ, ದಾರ, ಹುಕ್ಸು ಕೊಂಡಾಗಿದೆ, ಬಾಕಿ ಮಾತ್ರ ಬಂದಿಲ್ಲ. 'ಸಿದ್ಧವಾಗಿ ಮೂವತ್ತು ದಿನ ಕಳೆದರೂ ಒಯ್ಯದವರು' ಎಂಬ ಒಂದು ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಸಂದೇಶ ಕಳಿಸಿದರೆ ಅಂಗಡಿಗೆ ಬರುವ ಹಣ ಎಷ್ಟೋ ಸಲ ತಂತ್ರಾಂಶದ ವರ್ಷದ ಬಾಡಿಗೆಯನ್ನೇ ತೀರಿಸುತ್ತದೆ.

ಲೆಕ್ಕ ಬರೆದಿಟ್ಟರೆ ತೆರಿಗೆಯವರು ಬರುತ್ತಾರೆ ಎಂಬ ಭಯವನ್ನು ಇಲ್ಲಿ ಮಾತಾಡಲೇಬೇಕು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಕಿತ್ತು 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ನಂತರ ಮುಖ್ಯಮಂತ್ರಿಗಳು ವ್ಯಾಪಾರಿಗಳೊಡನೆ ಸಭೆ ನಡೆಸಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಈ ಪ್ರಕರಣದಿಂದ ಬಹಳ ಟೈಲರ್‌ಗಳು ಕಲಿತ ಪಾಠ ತಪ್ಪು ಪಾಠ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗೆ ವರ್ಷಕ್ಕೆ 20 ಲಕ್ಷ ರೂಪಾಯಿ, ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ 40 ಲಕ್ಷ. ಇಬ್ಬರು-ಮೂವರ ಹೊಲಿಗೆ ಅಂಗಡಿಯ ಕೂಲಿ ಆದಾಯ 20 ಲಕ್ಷ ಮುಟ್ಟುವುದು ಅಪರೂಪ. ಆದರೆ ಅದೇ ಯುಪಿಐ ಖಾತೆಗೆ ಚೀಟಿ ಹಣ, ಅಣ್ಣ ಕಳಿಸಿದ ಸಾಲ, ಮಗಳ ಫೀಸಿಗೆಂದು ಬಂದ ಹಣ ಎಲ್ಲವೂ ಸೇರಿದಾಗ ಹೊರಗಿನವರಿಗೆ ಅದೆಲ್ಲ ವ್ಯಾಪಾರದಂತೆಯೇ ಕಾಣುತ್ತದೆ. ಇದರಲ್ಲಿ ಹೊಲಿಗೆಯ ಹಣ ಇಷ್ಟು, ಆರ್ಡರ್ ನಂಬರ್ ಸಮೇತ ಇಲ್ಲಿದೆ ಎಂದು ತೋರಿಸಬಲ್ಲವರಿಗೆ ಭಯಪಡಲು ಕಾರಣವಿಲ್ಲ. ಬಟ್ಟೆಯನ್ನೂ ಮಾರಿ ಹೊಲಿದೂ ಕೊಡುವ ಅಂಗಡಿಯವರು ಮಾತ್ರ ಎಚ್ಚರವಾಗಿರಬೇಕು, ಅವರಿಗೆ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ. ಎರಡೂ ಸೇರಿ 20 ಲಕ್ಷ ದಾಟಿದರೆ ನೋಂದಣಿ ಬೇಕು.

ಸರಕಾರದ ಕಡೆಯಿಂದ ಬರುವ ನೆರವಿಗೂ ಈ ದಾಖಲೆಗೂ ನೇರ ನಂಟಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯ ಇ-ವೋಚರ್, ಅಡಮಾನವಿಲ್ಲದೆ ಶೇ 5ರ ಬಡ್ಡಿಯಲ್ಲಿ ಮೊದಲ ಕಂತು ಒಂದು ಲಕ್ಷ, ಎರಡನೆಯ ಕಂತು ಎರಡು ಲಕ್ಷದವರೆಗೆ ಸಾಲ. ಡಿಜಿಟಲ್ ಪಾವತಿ ಪಡೆದರೆ ವಹಿವಾಟಿಗೆ ಒಂದು ರೂಪಾಯಿಯಂತೆ ತಿಂಗಳಿಗೆ ನೂರು ವಹಿವಾಟಿನವರೆಗೆ ಪ್ರೋತ್ಸಾಹಧನ. ಎರಡನೆಯ ಕಂತು ಬೇಕಾದರೆ ಮೊದಲ ಸಾಲದ ಖಾತೆ ಸರಿಯಾಗಿರಬೇಕು, ವ್ಯವಹಾರದಲ್ಲಿ ಡಿಜಿಟಲ್ ಪಾವತಿ ಅಳವಡಿಸಿಕೊಂಡಿರಬೇಕು ಇಲ್ಲವೇ ಮುಂದುವರಿದ ತರಬೇತಿ ಪಡೆದಿರಬೇಕು. ಯೋಜನೆಯ ವೋಚರ್‌ನಲ್ಲಿ ಬಹುತೇಕರು ಯಂತ್ರ ಕೊಳ್ಳುತ್ತಾರೆ, ಸರಿಯೇ. ಆದರೆ ಯಂತ್ರ ಬಂದ ಮನೆಗೆ ಕೆಲಸದ ಲೆಕ್ಕ ಇಡುವುದನ್ನು ಕಲಿಸುವ ಎರಡು ಗಂಟೆಯ ಪಾಠವೂ ಆ ತರಬೇತಿಯಲ್ಲಿ ಸೇರಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಗಾದರೆ ಯಾವ ವ್ಯವಸ್ಥೆ? ಈಗ ಕೈಗೆ ಸಿಗುವವುಗಳನ್ನು ನೋಡಿದರೆ ದಾರಿಗಳು ನಾಲ್ಕೈದು. ಅತಿ ಹೆಚ್ಚು ಜನ ನಡೆಯುತ್ತಿರುವ ದಾರಿ ವಾಟ್ಸಾಪ್. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಗ್ರಾಹಕರಿಗೆ ಲೇಬಲ್ ಹಚ್ಚಬಹುದು, ಸಿದ್ಧ ಉತ್ತರಗಳನ್ನು ಇಟ್ಟುಕೊಳ್ಳಬಹುದು, ಹೊಲಿದ ಮಾದರಿಗಳ ಕ್ಯಾಟಲಾಗ್ ತೋರಿಸಬಹುದು. ಅಳತೆ ಚೀಟಿಯ ಫೋಟೋ, ಡಿಸೈನಿನ ಫೋಟೋ, 'ರೆಡಿ ಇದೆ, ಬನ್ನಿ' ಎಂಬ ಸಂದೇಶ ಎಲ್ಲವೂ ಅಲ್ಲಿಯೇ. ಇದು ಗ್ರಾಹಕರೊಡನೆ ಮಾತಾಡಲು ಅತ್ಯುತ್ತಮ. ಎಣಿಸಲು ಬಾರದು. ಗುರುವಾರಕ್ಕೆ ಎಷ್ಟು ಪೀಸು ಎಂಬ ಪ್ರಶ್ನೆಗೆ ಬಿಲ್ ಪುಸ್ತಕದಂತೆಯೇ ಅದೂ ಮೌನ.

ಎರಡನೆಯದು ಗೂಗಲ್ ಶೀಟ್ಸ್. ಹಣ ಕೊಡಬೇಕಿಲ್ಲ, 15 ಜಿಬಿ ಜಾಗ ಉಚಿತ, ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ. ತುಂಬಲು ಒಂದು ಗೂಗಲ್ ಫಾರ್ಮ್ ಮಾಡಿಕೊಂಡು, ದಿನವಾರು ಪೀಸುಗಳನ್ನು ಎಣಿಸುವ ಒಂದು ಸೂತ್ರ ಹಾಕಿಕೊಂಡರೆ ಮೇಲೆ ಹೇಳಿದ ದಿನಗಳ ಲೆಕ್ಕ ಅಷ್ಟರಲ್ಲೇ ಬರುತ್ತದೆ. ಕಾಲೇಜಿಗೆ ಹೋಗುವ ಮಗಳೋ ಮಗನೋ ಇರುವ ಮನೆಯಲ್ಲಿ ಇದು ಒಂದು ಭಾನುವಾರದ ಕೆಲಸ. ಇದರ ದೋಷ ಬೇರೆ: ಫೋನಿನ ಸಣ್ಣ ಪರದೆಯಲ್ಲಿ ಬೆರಳು ತಪ್ಪಿ ಯಾರದ್ದೋ ಅಳತೆಯ ಮೇಲೆ ಇನ್ನೇನೋ ಬರೆದುಹೋಗುತ್ತದೆ, ಕೆಲಸದವರಿಗೆ ಹಾಳೆ ತೋರಿಸಿದರೆ ಎಲ್ಲರ ಎಲ್ಲ ವಿವರವೂ ಕಾಣುತ್ತದೆ.

ಮೂರನೆಯದು ಟೈಲರ್ ಮತ್ತು ಬುಟೀಕ್‌ಗಳಿಗೆಂದೇ ತಿಂಗಳ ಅಥವಾ ವರ್ಷದ ಬಾಡಿಗೆಗೆ ಸಿಗುವ ವೆಬ್ ಸೇವೆಗಳು. ಇವುಗಳಲ್ಲಿ ಚೆನ್ನಾಗಿರುವವು ಇವೆ. ಆದರೆ ಬಹಳಷ್ಟು ಸೇವೆಗಳಲ್ಲಿ ಪರದೆಯೆಲ್ಲ ಇಂಗ್ಲಿಷ್. ಯಂತ್ರದ ಮುಂದೆ ಮೂವತ್ತು ವರ್ಷ ಕೂತ ಮಾಸ್ಟರ್‌ಗೆ ಆ ಪರದೆಯ ಮೇಲೆ ನಂಬಿಕೆ ಹುಟ್ಟುವುದಿಲ್ಲ, ಹುಟ್ಟಬೇಕೆಂದು ಕೇಳುವುದೂ ನ್ಯಾಯವಲ್ಲ. ಗೂಗಲ್ 2017ರಲ್ಲಿಯೇ ಕನ್ನಡದಲ್ಲಿ ಮಾತಾಡಿ ಟೈಪಿಸುವ ಸೌಲಭ್ಯ ಕೊಟ್ಟಿದೆ. 'ಹಿಂದೆ ಡೋರಿ ಬೇಕು, ತೋಳಿಗೆ ಬಾರ್ಡರ್ ಕೆಳಗೆ ಬರಲಿ' ಎಂದು ಹೇಳಿದರೆ ಫೋನು ಬರೆದುಕೊಳ್ಳುತ್ತದೆ. ಇಷ್ಟಿದ್ದೂ ಕನ್ನಡದಲ್ಲಿ ಗುಂಡಿಗಳ ಹೆಸರು ಹಾಕದಿರುವುದಕ್ಕೆ ಸೋಮಾರಿತನ ಬಿಟ್ಟರೆ ಬೇರೆ ಕಾರಣ ಕಾಣುವುದಿಲ್ಲ.

ನಾಲ್ಕನೆಯದು ಮುಕ್ತ ತಂತ್ರಾಂಶ. ಮುಂಬೈನ ಫ್ರಾಪೆ ಸಂಸ್ಥೆ ಕಟ್ಟಿದ ಇಆರ್‌ಪಿನೆಕ್ಸ್ಟ್ ಇಡೀ ಜಗತ್ತಿನಲ್ಲಿ ಬಳಕೆಯಲ್ಲಿದೆ, ಪರವಾನಗಿಗೆ ಹಣವಿಲ್ಲ. ಆದರೆ ಅದನ್ನು ಸರ್ವರಿನಲ್ಲಿ ಕೂರಿಸಿ, ಅಳತೆಯ ಖಾನೆಗಳನ್ನು ಸೇರಿಸಿ, ಬ್ಯಾಕಪ್ ನೋಡಿಕೊಳ್ಳಲು ಬಲ್ಲವರೊಬ್ಬರು ಬೇಕು. ಹತ್ತಾರು ಯಂತ್ರಗಳ ಯೂನಿಟ್‌ಗೆ, ಬಳ್ಳಾರಿಯ ಜೀನ್ಸ್ ಘಟಕಗಳಂತೆ ಜಾಬ್ ವರ್ಕ್ ಮಾಡುವವರಿಗೆ ಇದು ಸರಿ. ಇಬ್ಬರ ಅಂಗಡಿಗೆ ಭಾರ ಹೆಚ್ಚು.

ಐದನೆಯದು ನಮ್ಮ ಇಂಜಿನಿಯರಿಂಗ್ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳ ಅಂತಿಮ ವರ್ಷದ ಪ್ರಾಜೆಕ್ಟು. ಟೈಲರ್ ಅಂಗಡಿಯ ನಿರ್ವಹಣೆ ಎಂಬುದು ಈ ವಿದ್ಯಾರ್ಥಿಗಳಿಗೆ ಬಹು ಪರಿಚಿತ ವಿಷಯ. ಮಾಡುತ್ತಾರೆ, ಅಂಕ ಪಡೆಯುತ್ತಾರೆ, ಸಿಡಿ ಕಪಾಟು ಸೇರುತ್ತದೆ. ಪಕ್ಕದ ಬೀದಿಯ ನಿಜವಾದ ಅಂಗಡಿಯಲ್ಲಿ ಒಂದು ವಾರ ಕೂತು ನೋಡಿದ್ದರೆ ಕಾಲು ಇಂಚಿನ ವಿಷಯ, ಒಂದೇ ನಂಬರಿನ ಮೂವರು ಹೆಂಗಸರ ವಿಷಯ ಮೊದಲ ದಿನವೇ ಗೊತ್ತಾಗುತ್ತಿತ್ತು. ಕಾಲೇಜುಗಳು ಮನಸ್ಸು ಮಾಡಿದರೆ ಇದು ಎಲ್ಲಕ್ಕಿಂತ ಒಳ್ಳೆಯ ದಾರಿಯಾಗಬಲ್ಲದು. ಹುಡುಗರು ಓದು ಮುಗಿಸಿ ಹೋದ ಮೇಲೂ ಸರ್ವರಿನ ಹಣ ಯಾರು ಕಟ್ಟುತ್ತಾರೆ ಎಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ವ್ಯವಸ್ಥೆ ನಾಳೆಯೂ ಉಳಿಯುತ್ತದೆಯೇ ಎಂಬ ಈ ಪ್ರಶ್ನೆ ವಿದ್ಯಾರ್ಥಿಗಳ ಪ್ರಾಜೆಕ್ಟಿಗಷ್ಟೇ ಸೇರಿದ್ದಲ್ಲ. ಗೂಗಲ್‌ನಷ್ಟು ದೊಡ್ಡ ಸಂಸ್ಥೆಯೇ ಸಣ್ಣ ವ್ಯಾಪಾರಿಗಳಿಗೆ ಬಿಸಿನೆಸ್ ಪ್ರೊಫೈಲ್ ಮೂಲಕ ಕೊಟ್ಟಿದ್ದ ಉಚಿತ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಬಾಡಿಗೆಯ ವ್ಯವಸ್ಥೆ ಯಾವುದಾದರೂ ಒಂದು ದಿನ ನಿಲ್ಲಬಹುದು. ಆ ದಿನ ನಿಮ್ಮ ಸಾವಿರ ಗ್ರಾಹಕರ ಅಳತೆ ಎಲ್ಲಿರುತ್ತದೆ? ಎಲ್ಲ ದಾಖಲೆಯನ್ನೂ ಎಕ್ಸೆಲ್ ಅಥವಾ ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳುವ ಗುಂಡಿ ಇದೆಯೇ ಎಂದು ಮೊದಲ ದಿನವೇ ಕೇಳಬೇಕು, ಇದೆ ಎಂದರೆ ಒತ್ತಿ ನೋಡಬೇಕು. ತಿಂಗಳಿಗೊಮ್ಮೆ ಇಳಿಸಿಟ್ಟುಕೊಂಡರೆ ಕಂಪನಿ ಮುಚ್ಚಿದರೂ ಅಂಗಡಿ ಮುಚ್ಚುವುದಿಲ್ಲ.

ಆಪ್‌ಗಿಂತ ವೆಬ್ ಏಕೆ ಎಂದು ಕೇಳುವವರಿಗೆ ಉತ್ತರ ಚಿಕ್ಕದು. ಫೋನಿನೊಳಗೇ ದಾಖಲೆ ಇಡುವ ಆಪ್‌ನಲ್ಲಿ ಫೋನು ಕಳೆದ ದಿನ ಎಲ್ಲವೂ ಹೋಗುತ್ತದೆ. ಬ್ರೌಸರಿನಲ್ಲಿ ತೆರೆಯುವುದಾದರೆ ಯಾರ ಫೋನಿನಿಂದಲಾದರೂ ಕೆಲಸ ಮುಂದುವರಿಯುತ್ತದೆ. ಬದಲಿಗೆ ನೆಟ್‌ವರ್ಕ್ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಅದು ದಿನಗಟ್ಟಲೆ ಇರುವುದಿಲ್ಲ. ಇದಕ್ಕೆ ಪರಿಹಾರ ಕಾಗದವೇ. ಬೆಳಿಗ್ಗೆ ಅಂಗಡಿ ತೆರೆದಾಗ ಆ ದಿನದ ಮತ್ತು ಮರುದಿನದ ಪೀಸುಗಳ ಪಟ್ಟಿ, ಅಳತೆ ಸಮೇತ, ಒಂದು ಹಾಳೆಗೆ ಇಳಿಸಿ ಕಟಿಂಗ್ ಮೇಜಿನ ಮೇಲಿಡಬೇಕು. ಗ್ರಾಹಕರ ಕೈಗೆ ಕೊಡುವ ಚೀಟಿಯನ್ನೂ ಬಿಡಬಾರದು. ಸೀರೆಯ ಜೊತೆ ಬಂದ ದುಬಾರಿ ಬ್ಲೌಸ್ ಪೀಸನ್ನು ಕೊಟ್ಟು ಹೋಗುವವರಿಗೆ ಕೈಯಲ್ಲಿ ಒಂದು ಕಾಗದ ಇರಬೇಕೆನ್ನಿಸುವುದು ಸಹಜ.

ಕೊನೆಗೆ ಹೇಳಲೇಬೇಕಾದದ್ದು ಮರ್ಯಾದೆಯ ವಿಷಯ. ಹೆಂಗಸರ ಮೈ ಅಳತೆ, ಹೆಸರು, ಫೋನ್ ನಂಬರ್, ಮನೆ ವಿಳಾಸ, ಕೆಲವೊಮ್ಮೆ ಫೋಟೋ ಎಲ್ಲವೂ ಒಂದೇ ಕಡೆ ಕೂಡಿ ಬಿದ್ದಿರುತ್ತವೆ. ಅಳತೆ ಪುಸ್ತಕ ಅಂಗಡಿಯ ಡ್ರಾಯರ್ ಬಿಟ್ಟು ಹೋಗುತ್ತಿರಲಿಲ್ಲ. ವೆಬ್ ದಾಖಲೆ ಎಲ್ಲಿಗಾದರೂ ಹೋಗಬಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ವಿವರಗಳಿಗೆ ಒಪ್ಪಿಗೆ ಬೇಕು ಎನ್ನುತ್ತದೆ, ಒಪ್ಪಿಗೆ ಕೇಳುವ ಮಾತು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ಸಿಗಬೇಕು ಎನ್ನುತ್ತದೆ. ಅಂದರೆ ಕನ್ನಡದಲ್ಲಿಯೂ. ಕಾಯ್ದೆಯನ್ನು ಬದಿಗಿಟ್ಟರೂ ನಡೆದುಕೊಳ್ಳಬೇಕಾದ ರೀತಿ ಸ್ಪಷ್ಟವಿದೆ. ಕಟಿಂಗ್ ಮಾಡುವವರಿಗೆ ಆರ್ಡರ್ ನಂಬರ್ ಮತ್ತು ಅಳತೆ ಕಂಡರೆ ಸಾಕು, ಫೋನ್ ನಂಬರ್ ಕಾಣಬೇಕಿಲ್ಲ. ಗ್ರಾಹಕರು ಬ್ಲೌಸ್ ತೊಟ್ಟು ನಿಂತ ಫೋಟೋವನ್ನು ಅವರನ್ನು ಕೇಳದೆ ಕ್ಯಾಟಲಾಗಿಗೆ ಹಾಕಬಾರದು. ಅಳಿಸಿ ಎಂದರೆ ಅಳಿಸಬೇಕು. ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಬಾರದು.

ಎಲ್ಲರಿಗೂ ಇದು ಬೇಕೇ? ಬೇಡ. ಮನೆಯಲ್ಲಿ ಒಬ್ಬರೇ ಕೂತು ದಿನಕ್ಕೆರಡು ಬ್ಲೌಸ್ ಹೊಲಿಯುವವರಿಗೆ, ಅಕ್ಕಪಕ್ಕದ ಐವತ್ತು ಮನೆಗಳೇ ಗ್ರಾಹಕರಾಗಿರುವವರಿಗೆ ಒಂದು ನೋಟುಪುಸ್ತಕ ಮತ್ತು ದೊಡ್ಡ ಚೌಕಗಳಿರುವ ಗೋಡೆ ಕ್ಯಾಲೆಂಡರು ಸಾಕು. ದಿನದ ಚೌಕದಲ್ಲಿ ಎರಡು ಹೆಸರು ತುಂಬಿದರೆ ಮುಂದಿನ ಚೌಕಕ್ಕೆ ಹೋಗುವುದು. ಸಹಾಯಕ್ಕೆ ಇನ್ನೊಬ್ಬರು ಬಂದಾಗ, ಕೂಲಿ ಲೆಕ್ಕ ಶುರುವಾದಾಗ, ಗ್ರಾಹಕರ ಮುಖ ಮತ್ತು ಹೆಸರು ಹೊಂದಿಸುವುದು ಕಷ್ಟವಾದಾಗ ವೆಬ್ ವ್ಯವಸ್ಥೆಯ ಕಾಲ ಬಂತು ಎಂದು ತಿಳಿಯಬೇಕು.

ಶುರು ಮಾಡುವವರು ಹಬ್ಬದ ನಡುವೆ ಶುರು ಮಾಡಬೇಡಿ. ಆಷಾಢದಲ್ಲಿ ಮದುವೆಗಳಿಲ್ಲ, ಯಂತ್ರಕ್ಕೂ ಕೈಗೂ ಸ್ವಲ್ಪ ಬಿಡುವಿರುತ್ತದೆ. ಹಳೆಯ ಪುಸ್ತಕವನ್ನೆಲ್ಲ ಒಮ್ಮೆಲೇ ತುಂಬಲು ಹೋಗಬೇಡಿ, ಬಂದ ಗ್ರಾಹಕರ ಅಳತೆಯನ್ನು ಬಂದ ದಿನ ತುಂಬಿ. ಮೊದಲ ತಿಂಗಳು ಕೊಡುವ ದಿನವನ್ನು ಮಾತ್ರ ಬರೆಯಿರಿ, ಎರಡನೆಯ ತಿಂಗಳು ಅಳತೆ, ಮೂರನೆಯ ತಿಂಗಳು ಕೂಲಿ. ಹಣ ಕಟ್ಟುವ ಮುನ್ನ ಮಾರುವವರನ್ನು ಮೂರು ಮಾತು ಕೇಳಿ: ಕನ್ನಡದಲ್ಲಿದೆಯೇ, ಕೆಲಸದವರಿಗೆ ಅವರ ಲೆಕ್ಕ ಕಾಣುತ್ತದೆಯೇ, ನನ್ನ ದಾಖಲೆಯನ್ನು ನಾನು ಬೇಕೆಂದಾಗ ಇಳಿಸಿಕೊಳ್ಳಬಹುದೇ? ಮೂರರಲ್ಲಿ ಒಂದಕ್ಕೆ ಇಲ್ಲ ಎಂದರೂ ಬೇರೆಯವರನ್ನು ನೋಡಿ.